ಸೀಲ್ ಎಣಿಸಲು ಹೊರಟವರಿಗೆ: ಮೂಗು ನೋಡಿ, ಕುತ್ತಿಗೆ ನೋಡಿ, ದೂರ ಇರಿ

ಬ್ರಿಟನ್ನಿನಲ್ಲಿರುವ ಕನ್ನಡದ ಗೆಳೆಯರು ರಜೆಯಲ್ಲಿ ಕಡಲ ಕಡೆ ಹೋದಾಗಲೆಲ್ಲ ನನಗೆ ಫೋಟೊ ಕಳಿಸುತ್ತಾರೆ. "ಇದು ಯಾವ ಸೀಲ್, ಹೇಳಿ ನೋಡೋಣ" ಅಂತ. ಸೀಲ್ ಎಂದರೆ ಕಡಲಲ್ಲಿ ಈಜುತ್ತಾ, ಆಗಾಗ ದಡಕ್ಕೆ ಬಂದು ಮಲಗುವ ಸಸ್ತನಿ. ಫೋಟೊ ತೆರೆದರೆ ಬಂಡೆಯ ಮೇಲೆ ಬೂದು ಬಣ್ಣದ್ದು ಏನೋ ಬಿದ್ದುಕೊಂಡಿರುತ್ತದೆ. ಮೂತಿ ಆ ಕಡೆ, ಬಾಲ ಈ ಕಡೆ. ಇದರಿಂದ ಯಾರೂ ಏನೂ ಹೇಳಲಾರರು.

ನಾನು ಪೂರ್ವ ಇಂಗ್ಲೆಂಡಿನ ನಾರ್ಫಕ್ ಕರಾವಳಿಯಲ್ಲಿ ಸ್ವಯಂಸೇವಕಿಯಾಗಿ ಸೀಲ್‌ಗಳನ್ನು ಎಣಿಸುತ್ತೇನೆ. ಫೋಟೊ ನೋಡಿ ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸುವ ಕೆಲಸವನ್ನೂ ಮಾಡುತ್ತೇನೆ. ಇದಕ್ಕೆ ಪ್ರಾಣಿಶಾಸ್ತ್ರ ಓದಿರಬೇಕಿಲ್ಲ. ಆದರೆ ಒಂದು ಶಿಸ್ತು ಬೇಕು. ಕಣ್ಣಿಗೆ ಕಂಡದ್ದನ್ನು ಮೊದಲು ಬರೆಯಬೇಕು, ಹೆಸರು ಆಮೇಲೆ. "ಮೂಗಿನ ಹೊಳ್ಳೆ ಬೇರೆ ಬೇರೆ ಇವೆ, ಮೂತಿ ಉದ್ದ" ಎಂದು ಬರೆದರೆ ಹತ್ತು ವರ್ಷದ ನಂತರವೂ ಒಬ್ಬರು ಅದನ್ನು ಪರೀಕ್ಷಿಸಬಹುದು. ಬರೀ "ಗ್ರೇ ಸೀಲ್" ಎಂದು ಬರೆದರೆ ನಿಮ್ಮನ್ನು ನಂಬಬೇಕು, ಅಷ್ಟೇ.

ಯಾವ ಜಾತಿ?

ಬ್ರಿಟನ್ನಿನ ತೀರದಲ್ಲಿ ನೆಲೆ ನಿಂತಿರುವುದು ಎರಡೇ ಜಾತಿ. ಒಂದು ಗ್ರೇ ಸೀಲ್. ಇನ್ನೊಂದು ಕಾಮನ್ ಸೀಲ್. ಇದನ್ನೇ ಹಾರ್ಬರ್ ಸೀಲ್ ಅಂತಲೂ ಕರೆಯುತ್ತಾರೆ. ಉತ್ತರ ಧ್ರುವದ ಕಡೆಯಿಂದ ದಾರಿ ತಪ್ಪಿ ಬರುವ ಅಪರೂಪದವು ಇವೆ. ಆದರೆ ಹೊಸಬರು ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಇಡೀ ಜಗತ್ತಿನ ಗ್ರೇ ಸೀಲ್‌ಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರುವುದು ಬ್ರಿಟನ್ನಿನ ಸುತ್ತಲೇ. ಹಾಗಾಗಿ ಇಲ್ಲಿ ನಡೆಯುವ ಎಣಿಕೆಗೆ ಬೆಲೆ ಇದೆ.

ಹೊಸಬರೆಲ್ಲ ಮೊದಲು ಬಣ್ಣ ನೋಡುತ್ತಾರೆ. ದಯವಿಟ್ಟು ಬಣ್ಣ ನಂಬಬೇಡಿ. ನೀರಿನಿಂದ ಈಗಷ್ಟೇ ಎದ್ದು ಬಂದ ಸೀಲ್ ಕಪ್ಪಗೆ ಕಾಣುತ್ತದೆ. ಅದೇ ಸೀಲ್ ಬಿಸಿಲಿನಲ್ಲಿ ಒಣಗಿದ ಮೇಲೆ ಬೆಳ್ಳಿಯ ಬಣ್ಣಕ್ಕೆ ಬರುತ್ತದೆ. ಕೂದಲು ಉದುರುವ ಕಾಲ ಹತ್ತಿರ ಬಂದರೆ ಕಂದು. ಗಾತ್ರವೂ ಮೋಸ ಮಾಡುತ್ತದೆ. ಬೆಳೆದ ಗ್ರೇ ಗಂಡು ಎರಡೂವರೆ ಮೀಟರ್ ಉದ್ದ, 300 ಕಿಲೋ ತೂಗಬಹುದು. ಕಾಮನ್ ಸೀಲ್ ಎರಡು ಮೀಟರ್ ಮುಟ್ಟುವುದಿಲ್ಲ, ತೂಕ ನೂರು ಕಿಲೋದ ಆಸುಪಾಸು. ಪಕ್ಕಪಕ್ಕದಲ್ಲಿ ಮಲಗಿದ್ದರೆ ವ್ಯತ್ಯಾಸ ಸರಿ. ಆದರೆ ಎಳೆಯ ಗ್ರೇ ಒಂದೇ ಮಲಗಿದ್ದರೆ? ಪಕ್ಕದಲ್ಲಿ ಅಳೆಯಲು ಏನೂ ಇರುವುದಿಲ್ಲ ಅಲ್ವಾ.

ತಲೆ ನೋಡಿ. ಅದು ನಿಮ್ಮ ಕಡೆ ತಿರುಗುವವರೆಗೆ ಕಾಯಿರಿ. ಎದುರಿನಿಂದ ಕಂಡರೆ ಹೊಳ್ಳೆಗಳನ್ನು ನೋಡಿ. ಗ್ರೇ ಸೀಲಿನ ಹೊಳ್ಳೆಗಳು ಎರಡು ನಿಂತ ಗೆರೆಗಳು, ನಡುವೆ ಚೆನ್ನಾಗಿ ಅಂತರ. ಕಾಮನ್ ಸೀಲಿನವು ಕೆಳಗೆ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ಇಂಗ್ಲಿಷಿನ ವಿ ಅಕ್ಷರದ ಆಕಾರ ಮಾಡುತ್ತವೆ. ಬೈನಾಕ್ಯುಲರಿನಲ್ಲಿ ಇಷ್ಟು ಸ್ಪಷ್ಟವಾಗಿ ಕಂಡರೆ ಬೇರೆ ಸಾಕ್ಷಿ ಬೇಡ.

ಪಕ್ಕದಿಂದ ಕಂಡರೆ ಹಣೆಯಿಂದ ಮೂಗಿನ ತುದಿಯವರೆಗೆ ಕಣ್ಣಿನಲ್ಲೇ ಗೆರೆ ಎಳೆಯಿರಿ. ಗ್ರೇ ಸೀಲಿನಲ್ಲಿ ಆ ಗೆರೆ ತಗ್ಗಿಲ್ಲದೆ ನೇರ ಇಳಿಯುತ್ತದೆ. ಗಂಡಿನಲ್ಲಿ ಮೂಗು ಮೇಲಕ್ಕೆ ಉಬ್ಬಿ, ಕುದುರೆ ಮುಖದ ಹಾಗೆ ಕಾಣುತ್ತದೆ. ಕಾಮನ್ ಸೀಲಿಗೆ ಹಣೆ ಇದೆ, ಆಮೇಲೆ ಒಂದು ತಗ್ಗು, ಆಮೇಲೆ ಗಿಡ್ಡ ಮೂತಿ. ಕಣ್ಣಿನ ಜಾಗವನ್ನೂ ನೋಡಿ. ಗ್ರೇಯಲ್ಲಿ ಕಣ್ಣು ಮೂಗಿನ ತುದಿಗೂ ತಲೆಯ ಹಿಂಭಾಗಕ್ಕೂ ಸುಮಾರು ಮಧ್ಯದಲ್ಲಿ. ಕಾಮನ್‌ನಲ್ಲಿ ಮೂಗಿಗೆ ಹತ್ತಿರ. ಎಳೆಯ ಹೆಣ್ಣು ಗ್ರೇಗಳ ಮುಖ ಅಷ್ಟು ಉದ್ದ ಇರುವುದಿಲ್ಲ. ಜನ ತಪ್ಪುವುದು ಬಹುಪಾಲು ಅಲ್ಲೇ. ಅಂಥ ಕಡೆ ಮತ್ತೆ ಹೊಳ್ಳೆಗೇ ಬನ್ನಿ.

ಮೈಮೇಲಿನ ಮಚ್ಚೆ ಎರಡನೇ ಸಾಕ್ಷಿ. ಕಾಮನ್ ಸೀಲಿಗೆ ಮೈತುಂಬ ಸಣ್ಣ ಚುಕ್ಕಿಗಳು. ಗ್ರೇಗೆ ದೊಡ್ಡ, ಅಂಕುಡೊಂಕು ಮಚ್ಚೆಗಳು. ಗ್ರೇ ಹೆಣ್ಣಿನಲ್ಲಿ ತಿಳಿ ಮೈಮೇಲೆ ಕಪ್ಪು ಮಚ್ಚೆ. ಗಂಡಿನಲ್ಲಿ ಸಾಮಾನ್ಯವಾಗಿ ಇದರ ತಿರುಗುಮುರುಗು, ಕಪ್ಪು ಮೈ, ಅಲ್ಲಲ್ಲಿ ತಿಳಿ ಬಣ್ಣ. ಗಂಡಿನ ಕುತ್ತಿಗೆ ದಪ್ಪ, ಮಡಿಕೆ ಮಡಿಕೆ, ಜಗಳದ ಕಲೆಗಳು ತುಂಬಿರುತ್ತವೆ.

ತಲೆ ಮತ್ತು ಬಾಲ ಎರಡನ್ನೂ ಎತ್ತಿ ಬಾಳೆಹಣ್ಣಿನ ಆಕಾರದಲ್ಲಿ ಮಲಗಿದ್ದರೆ ಅದು ಕಾಮನ್ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಅವು ಜಾಸ್ತಿ ಹಾಗೆ ಮಲಗುತ್ತವೆ. ಆದರೆ ನೀರು ಏರುತ್ತಾ ಬಂದರೆ ಗ್ರೇ ಕೂಡ ಅದೇ ಭಂಗಿಗೆ ಬರುತ್ತದೆ. ಭಂಗಿಯೊಂದನ್ನೇ ನೋಡಿ ಜಾತಿ ಬರೆದ ಹಾಳೆ ಬಂದರೆ ನಾನು ಮುಲಾಜಿಲ್ಲದೆ "ಖಚಿತವಿಲ್ಲ" ಪಟ್ಟಿಗೆ ಹಾಕುತ್ತೇನೆ.

ತಿಂಗಳು ಯಾವುದು ಎಂಬುದೂ ಹೇಳುತ್ತದೆ

ಮರಿ ಕಂಡರೆ ಕ್ಯಾಲೆಂಡರ್ ನೋಡಿ. ಕಾಮನ್ ಸೀಲ್ ಮರಿ ಹಾಕುವುದು ಜೂನ್, ಜುಲೈನಲ್ಲಿ. ಅದರ ಮರಿ ಬಿಳಿ ತುಪ್ಪಳವನ್ನು ತಾಯಿಯ ಹೊಟ್ಟೆಯಲ್ಲೇ ಉದುರಿಸಿಕೊಂಡು ಹುಟ್ಟುತ್ತದೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಹಿಂದೆ ಈಜುತ್ತದೆ. ಗ್ರೇ ಸೀಲಿನದು ಬೇರೆ ಕಥೆ. ಕಾರ್ನ್‌ವಾಲ್, ವೇಲ್ಸ್ ಕಡೆ ಬೇಸಿಗೆಯ ಕೊನೆಯಿಂದಲೇ ಮರಿಗಳು ಶುರು. ಸ್ಕಾಟ್ಲೆಂಡ್, ಈಶಾನ್ಯ ಇಂಗ್ಲೆಂಡಿನ ಫಾರ್ನ್ ದ್ವೀಪಗಳಲ್ಲಿ ಅದಾದ ಮೇಲೆ. ನಮ್ಮ ಪೂರ್ವ ತೀರದ ಡೊನಾ ನೂಕ್, ಬ್ಲೇಕ್ನಿ ಪಾಯಿಂಟ್, ಹಾರ್ಸಿಯಲ್ಲಿ ನವೆಂಬರಿನಿಂದ ಜನವರಿಯವರೆಗೆ. ಹಾಗಾಗಿ ಚಳಿಗಾಲದ ಮರಳಿನ ಮೇಲೆ ಬಿಳಿ ತುಪ್ಪಳದ ಮರಿ ಕಂಡರೆ ಅದು ಗ್ರೇ.

ಆ ಮರಿ ಹುಟ್ಟುವಾಗ ಸುಮಾರು 14 ಕಿಲೋ. ತಾಯಿಯ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಕೊಬ್ಬು. ಮೂರು ವಾರದಲ್ಲಿ ಮರಿ ಉಬ್ಬಿ 40 ಕಿಲೋ ದಾಟುತ್ತದೆ. ಆಮೇಲೆ ತಾಯಿ ಎದ್ದು ಹೊರಟುಬಿಡುತ್ತಾಳೆ, ತಿರುಗಿ ನೋಡುವುದಿಲ್ಲ. ಮರಿ ಬಿಳಿ ಕೂದಲು ಉದುರಿಸಿಕೊಂಡು, ಹಸಿವು ತಡೆಯಲಾರದೆ ಒಂದು ದಿನ ತಾನೇ ನೀರಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಒಂಟಿಯಾಗಿ ಮಲಗಿರುತ್ತದೆ. ಅನಾಥ ಮರಿ ಎಂದು ಜನ ಕರೆ ಮಾಡುವುದು ಹೆಚ್ಚಾಗಿ ಇಂಥ ದಷ್ಟಪುಷ್ಟ ಮರಿಗಳ ಬಗ್ಗೆಯೇ.

ಕೂದಲು ಉದುರುವ ಕಾಲವನ್ನೂ ನೆನಪಿಡಿ. ಕಾಮನ್ ಸೀಲಿಗೆ ಅದು ಆಗಸ್ಟಿನ ಆಸುಪಾಸು. ಆಗ ಅವು ಜಾಸ್ತಿ ಹೊತ್ತು ದಡದಲ್ಲೇ ಇರುತ್ತವೆ. ಅದಕ್ಕೇ ಸಂಶೋಧಕರ ವಿಮಾನ ಸಮೀಕ್ಷೆಗಳೂ ಆಗಲೇ ನಡೆಯುತ್ತವೆ. ಗ್ರೇಗಳಿಗೆ ಚಳಿಗಾಲದಿಂದ ವಸಂತದವರೆಗೆ. ಹೆಣ್ಣುಗಳದು ಮೊದಲು, ಗಂಡುಗಳದು ಆಮೇಲೆ.

ಯಾವ ಹೊತ್ತಿಗೆ, ಎಲ್ಲಿಂದ

ಮನೆ ಬಿಡುವ ಮುಂಚೆ ಉಬ್ಬರ ಇಳಿತದ ವೇಳಾಪಟ್ಟಿ ನೋಡಿ. ಮರಳ ದಿಬ್ಬಗಳಿರುವ ಕಡೆ ನೀರು ಪೂರ್ತಿ ಇಳಿಯುವ ಹೊತ್ತಿಗೆ ಎರಡು ಗಂಟೆ ಮುಂಚೆಯಿಂದ ಎರಡು ಗಂಟೆ ಆಮೇಲಿನವರೆಗೆ ಒಳ್ಳೆಯ ಸಮಯ. ದಿಬ್ಬ ಮುಳುಗಿದ ಮೇಲೆ ಹೋದರೆ ನೀರಿನಲ್ಲಿ ತೇಲುವ ತಲೆಗಳಷ್ಟೇ ಸಿಗುತ್ತವೆ. ಬಂಡೆಗಳ ನಡುವಿನ ಸಣ್ಣ ಕೊಲ್ಲಿಗಳಲ್ಲಿ ಈ ಲೆಕ್ಕ ಬೇರೆ. ಅಲ್ಲಿಯವರನ್ನೇ ಕೇಳಿ. ಮಳೆ, ಜೋರು ಗಾಳಿ ಇದ್ದ ದಿನ ಸಂಖ್ಯೆ ಕಡಿಮೆ ಬರುತ್ತದೆ. ಅದನ್ನೂ ಬರೆದಿಡಿ.

ನೀರಿನಲ್ಲಿ ಬಾಟಲಿಯಂತೆ ನೆಟ್ಟಗೆ ನಿಂತು, ಮೂಗು ಮಾತ್ರ ಮೇಲೆ ಇಟ್ಟು ಕಣ್ಣು ಮುಚ್ಚಿರುವ ಸೀಲ್ ಕಂಡರೆ ಗಾಬರಿ ಬೇಡ. ಅದು ನಿದ್ದೆ ಮಾಡುತ್ತಿದೆ.

ಸಾಮಾನು ಜಾಸ್ತಿ ಬೇಡ. 8 ಅಥವಾ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಬೈನಾಕ್ಯುಲರ್, ಒಂದು ಜೂಮ್ ಕ್ಯಾಮೆರಾ, ಪೆನ್ಸಿಲ್, ದಪ್ಪ ಹಾಳೆಯ ಪುಸ್ತಕ. ಪೆನ್ ಮಳೆಯಲ್ಲಿ ಕೈ ಕೊಡುತ್ತದೆ. ಫೋನ್ ಕ್ಯಾಮೆರಾ ಸಾಲದು. ಸಾಲುವಷ್ಟು ಹತ್ತಿರ ಹೋದಿರೆಂದರೆ ನೀವು ತೀರಾ ಹತ್ತಿರ ಹೋದಿರಿ.

ಎಷ್ಟು ದೂರ? ಕಡಿಮೆ ಎಂದರೂ 100 ಮೀಟರ್. ಆದರೆ ಮೀಟರಿಗಿಂತ ಸೀಲನ್ನು ನೋಡಿ ಕಲಿಯುವುದು ಮೇಲು. ಒಂದು ತಲೆ ಎತ್ತಿ ನಿಮ್ಮನ್ನೇ ನೋಡಿತು ಎಂದರೆ ಅಲ್ಲೇ ನಿಲ್ಲಿ. ಎರಡು ಮೂರು ತಲೆ ಎದ್ದರೆ ಹಿಂದೆ ಸರಿಯಿರಿ. ನೀರಿನ ಕಡೆ ಮೈ ತಿರುಗಿಸಲು ಶುರು ಮಾಡಿದರೆ ನೀವು ಆಗಲೇ ತಡ ಮಾಡಿದ್ದೀರಿ. ಒಂದು ಓಡಿದರೆ ಎಲ್ಲವೂ ಓಡುತ್ತವೆ. ಬಂಡೆಗಳ ಮೇಲೆ ಬಿದ್ದು ಹೊಟ್ಟೆ, ಉಗುರು ಕಿತ್ತುಕೊಳ್ಳುತ್ತವೆ. ಮರಿಗಳು ಕಾಲ್ತುಳಿತಕ್ಕೆ ಸಿಗುತ್ತವೆ. ಸುಮ್ನೆ ಮಲಗಿರುವಂತೆ ಕಂಡರೂ ಆ ಮಲಗುವಿಕೆ ಅವುಗಳಿಗೆ ಬೇಕೇ ಬೇಕು. ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ನಿಲ್ಲಿ, ಆಕಾಶದ ಹಿನ್ನೆಲೆಯಲ್ಲಿ ಎದ್ದು ಕಾಣಬೇಡಿ, ಪಿಸುಮಾತಿನಲ್ಲಿ ಮಾತಾಡಿ. ನಾಯಿ ಇದ್ದರೆ ಹಗ್ಗ. ಡ್ರೋನ್ ಬೇಡ. ತಿನ್ನಲು ಏನೂ ಕೊಡಬೇಡಿ. ಕಾರ್ನ್‌ವಾಲಿನ ಗೊಡ್ರೆವಿಯಲ್ಲಿ ಎತ್ತರದ ಬಂಡೆಯಂಚಿನಿಂದ ಕೆಳಗಿನ ಮಟನ್ ಕೋವ್ ಕಾಣುತ್ತದೆ. ನೋಡುವವರು ಸದ್ದು ಮಾಡದಿದ್ದರೆ ಸೀಲ್‌ಗಳಿಗೆ ಜನ ಬಂದದ್ದೇ ಗೊತ್ತಾಗುವುದಿಲ್ಲ. ಅಂಥ ಜಾಗ ಹುಡುಕಿಕೊಳ್ಳಿ.

ಡೊನಾ ನೂಕ್‌ನಲ್ಲಿ ಒಂದು ವಿಚಿತ್ರ ಇದೆ. ಅದು ವಾಯುಪಡೆ ಬಾಂಬ್ ಅಭ್ಯಾಸ ಮಾಡುವ ಜಾಗ. ತಲೆಯ ಮೇಲೆ ಜೆಟ್ ಹಾರಿದರೂ ಸೀಲ್‌ಗಳು ಕಣ್ಣು ಬಿಡುವುದಿಲ್ಲ. ಆದರೆ ಮರಳಿನ ಮೇಲೆ ಒಬ್ಬ ಮನುಷ್ಯ ನಡೆದು ಬಂದರೆ ಅಪಾಯ ಎಂದೇ ಲೆಕ್ಕ. ಅದಕ್ಕೇ ಅಲ್ಲಿ ಬೇಲಿ ಇದೆ, ಬೇಲಿಯ ಬಳಿ ಸ್ವಯಂಸೇವಕರಿದ್ದಾರೆ.

ಕಾನೂನಿನ ವಿಷಯ ಚುಟುಕಾಗಿ. ಗ್ರೇ ಸೀಲ್‌ಗಳ ರಕ್ಷಣೆಗೆ ಇಲ್ಲಿ ಮೊದಲ ಕಾಯಿದೆ ಬಂದದ್ದು 1914ರಲ್ಲಿ. ಈಗ ಇಂಗ್ಲೆಂಡ್, ವೇಲ್ಸ್‌ನಲ್ಲಿ ಇರುವುದು 1970ರ ಕಾಯಿದೆ. ಸ್ಕಾಟ್ಲೆಂಡಿನಲ್ಲಿ 2010ರ ಕಾಯಿದೆಯ ಪ್ರಕಾರ ಸೀಲ್‌ಗಳು ಮೇಲೆ ಬಂದು ಮಲಗುವ ಗೊತ್ತುಪಡಿಸಿದ ಜಾಗಗಳಲ್ಲಿ ಅವಕ್ಕೆ ಕಾಟ ಕೊಡುವುದೇ ಅಪರಾಧ.

ಎಣಿಸುವುದು

ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಎರಡಕ್ಕೂ ತಾಳೆ ಬರದಿದ್ದರೆ ಇನ್ನೊಮ್ಮೆ. ಗುಂಪು ದೊಡ್ಡದಿದ್ದರೆ ಅಡ್ಡಕ್ಕೆ ಸಾಲು ಫೋಟೊ ತೆಗೆದು ಮನೆಯಲ್ಲಿ ಪರದೆಯ ಮೇಲೆ ಚುಕ್ಕಿ ಹಾಕುತ್ತಾ ಎಣಿಸಿ. ದಡದಲ್ಲಿರುವವು ಬೇರೆ, ನೀರಿನಲ್ಲಿರುವವು ಬೇರೆ, ಮರಿ ಬೇರೆ. ಫಾರ್ನ್ ದ್ವೀಪಗಳಲ್ಲಿ ಸಿಬ್ಬಂದಿ ಒಂದೇ ಮರಿಯನ್ನು ಎರಡು ಸಲ ಎಣಿಸದಿರಲೆಂದು ಹಾನಿಯಿಲ್ಲದ ಬಣ್ಣ ಸಿಂಪಡಿಸುವ ಪದ್ಧತಿ ಇಟ್ಟುಕೊಂಡಿದ್ದರು. ಪ್ರತಿ ಸುತ್ತಿಗೂ ಬೇರೆ ಬಣ್ಣ. ಅದು ಅನುಮತಿ ಇದ್ದವರ ಕೆಲಸ. ನೀವು ನಾವು ಮಾಡುವುದಲ್ಲ.

ಒಂದೂ ಸೀಲ್ ಕಾಣದ ದಿನ "0" ಎಂದು ಬರೆದು ಕಳಿಸಿ. ತುಂಬ ಜನ ಇದನ್ನು ಬಿಡುತ್ತಾರೆ. ಸೀಲ್ ಕಂಡ ದಿನಗಳ ಹಾಳೆ ಮಾತ್ರ ಬಂದರೆ ಅಲ್ಲಿ ಯಾವಾಗಲೂ ಸೀಲ್ ಇರುತ್ತದೆ ಎಂಬ ಚಿತ್ರ ಸಿಗುತ್ತದೆ. ಪೂರ್ವ ಇಂಗ್ಲೆಂಡಿನ ವಾಷ್ ಕೊಲ್ಲಿಯ ಸುತ್ತ ಕಾಮನ್ ಸೀಲ್‌ಗಳು ಇತ್ತೀಚಿನ ವರ್ಷಗಳಲ್ಲಿ ಕಡಿಮೆಯಾಗಿವೆ. ಅಂಥ ಇಳಿಕೆ ಲೆಕ್ಕಕ್ಕೆ ಸಿಗುವುದು ಸೊನ್ನೆಯನ್ನೂ ಬರೆಯುವವರಿದ್ದಾಗ.

ಯಾರು ಇವಳು?

ನನಗೆ ಇಷ್ಟವಾದ ಭಾಗ ಇದು. ಗ್ರೇ ಸೀಲಿನ, ಅದರಲ್ಲೂ ಹೆಣ್ಣಿನ ಮಚ್ಚೆಗಳು ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ವರ್ಷ ವರ್ಷ ಕೂದಲು ಉದುರಿ ಹೊಸದು ಬಂದರೂ ಮಚ್ಚೆ ಅದೇ ಜಾಗದಲ್ಲಿ ಮೂಡುತ್ತದೆ. ಹಾಗಾಗಿ ಫೋಟೊ ಇದ್ದರೆ ಸಾಕು, ಪ್ರಾಣಿಯನ್ನು ಮುಟ್ಟದೆಯೇ ಅದರ ಬದುಕನ್ನು ಹಿಂಬಾಲಿಸಬಹುದು. ಹೆಣ್ಣು ಮೂವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಕಾರ್ನ್‌ವಾಲಿನಲ್ಲಿ ಸೂ ಸೇಯರ್ ಶುರು ಮಾಡಿದ ಗುಂಪು, ಈಗಿನ ಸೀಲ್ ರಿಸರ್ಚ್ ಟ್ರಸ್ಟ್, ಸ್ವಯಂಸೇವಕರ ಫೋಟೊಗಳಿಂದಲೇ ಇಂಥ ದೊಡ್ಡ ಆಲ್ಬಮ್ ಕಟ್ಟಿದೆ.

ಫೋಟೊ ಹೇಗಿರಬೇಕು? ಕುತ್ತಿಗೆ ಮತ್ತು ತಲೆಯ ಪಕ್ಕ ಸ್ಪಷ್ಟ ಇರಬೇಕು. ಎಡಗಡೆ ಒಂದು, ಬಲಗಡೆ ಒಂದು. ಎರಡು ಕಡೆಯ ಮಚ್ಚೆಗಳಿಗೆ ಸಂಬಂಧವೇ ಇಲ್ಲ. ಎಡಗಡೆಯ ಫೋಟೊ ಮಾತ್ರ ಇರುವ ಸೀಲನ್ನು ಬಲಗಡೆಯಿಂದ ನೋಡಿದರೆ ಅದು ಹೊಸ ಸೀಲ್ ಎನಿಸಿಬಿಡುತ್ತದೆ. ಒಂದೇ ಪ್ರಾಣಿಯ ಎರಡು ಬದಿಯೂ ಸಿಕ್ಕಿದರೆ, ನಡುವೆ ಬೇರೆ ಪ್ರಾಣಿಯ ಫೋಟೊ ತೆಗೆಯಬೇಡಿ. ಅದು ಹೊರಳುವವರೆಗೆ ಕಾದು ಒಂದೇ ಸಾಲಿನಲ್ಲಿ ತೆಗೆಯಿರಿ. ಸೀಲ್ ಬದಲಾದಾಗ ನಾನು ನೆಲದ ಒಂದು ಫೋಟೊ ತೆಗೆಯುತ್ತೇನೆ. ಮನೆಗೆ ಬಂದು ನೋಡುವಾಗ ಅದು ಪರದೆ ಎಳೆದಂತೆ ಇಬ್ಬರನ್ನು ಬೇರೆ ಮಾಡುತ್ತದೆ.

ಹೋಲಿಸುವ ಕ್ರಮ ಹೀಗೆ. ಮೊದಲು ಕಣ್ಣು ಮತ್ತು ಕಿವಿಯ ತೂತನ್ನು ಹುಡುಕಿ. ಇವೆರಡು ಕದಲದ ಗುರುತುಗಳು. ಅಲ್ಲಿಂದ ಕುತ್ತಿಗೆ ಕಡೆ ಬರುತ್ತಾ ಎದ್ದು ಕಾಣುವ ಒಂದು ಮಚ್ಚೆ ಆರಿಸಿ, ಅದಕ್ಕೆ ಬಾಯಿಗೆ ಬಂದ ಹೆಸರಿಡಿ: ಗಾಳ, ಏಳರ ಅಂಕಿ, ಮುರಿದ ಬಳೆ. ನಗು ಬಂದರೂ ಪರವಾಗಿಲ್ಲ, ಹೆಸರಿಟ್ಟದ್ದು ನೆನಪಿರುತ್ತದೆ. ಆಮೇಲೆ ಅದರ ಅಕ್ಕಪಕ್ಕದ ಮಚ್ಚೆಗಳನ್ನು ನೋಡಿ. ಹಳೆಯ ಫೋಟೊದಲ್ಲೂ ಹೊಸದರಲ್ಲೂ ಮೂರು ಬೇರೆ ಬೇರೆ ಮಚ್ಚೆಗಳು, ಅವುಗಳ ನಡುವಿನ ಅಂತರದ ಸಮೇತ ತಾಳೆಯಾದರೆ ಮಾತ್ರ ನಾನು ಒಪ್ಪುತ್ತೇನೆ. ಒಂದು ಮಚ್ಚೆ ಥೇಟ್ ಅದೇ ಇದೆ ಎಂದು ಕುಣಿಯಬೇಡಿ. ಒಂದು ಮಚ್ಚೆ ಯಾರಿಗೆ ಬೇಕಾದರೂ ಹೋಲುತ್ತದೆ.

ಸೀಲ್ ಕುತ್ತಿಗೆ ಚಾಚಿದಾಗ ದುಂಡು ಮಚ್ಚೆ ಉದ್ದವಾಗುತ್ತದೆ, ಕುಗ್ಗಿದಾಗ ಚಪ್ಪಟೆ. ಆಕಾರಕ್ಕಿಂತ ಯಾವುದು ಯಾವುದರ ಪಕ್ಕ ಎಂಬುದನ್ನು ನಂಬಿ. ಕೂದಲು ಉದುರುವ ಮುಂಚಿನ ಕಂದು ಮೈಯಲ್ಲಿ ಮಚ್ಚೆ ಮಸುಕು. ಆಗ ತೆಗೆದ ಫೋಟೊ ಪಕ್ಕಕ್ಕಿಡಿ, ಎಸೆಯಬೇಡಿ. ಗಂಡುಗಳು ವಯಸ್ಸಾದಂತೆ ಕಪ್ಪಾಗುವುದರಿಂದ ಅವನ್ನು ಗುರುತಿಸುವುದು ಕಷ್ಟ. ಅಲ್ಲಿ ಗಾಯದ ಕಲೆಗಳು ಸಹಾಯಕ್ಕೆ ಬರುತ್ತವೆ. ಆದರೆ ಕಲೆ ಹೊಸದಾಗಿ ಬರಬಹುದು, ಹಳೆಯದು ಮಾಯಬಹುದು. ಅದು ಪೂರಕ ಸಾಕ್ಷಿ ಅಷ್ಟೇ.

ಹಿಂಗಾಲಿನ ಫ್ಲಿಪ್ಪರಿನಲ್ಲಿ, ಅಂದರೆ ಈಜುವ ಹುಟ್ಟಿನಂಥ ಪಾದದಲ್ಲಿ, ಬಣ್ಣದ ಟ್ಯಾಗ್ ಕಂಡರೆ ಅದನ್ನು ಹೇಗಾದರೂ ಫೋಟೊ ತೆಗೆಯಿರಿ. ಸಾಕಿ ಮತ್ತೆ ಕಡಲಿಗೆ ಬಿಟ್ಟ ಮರಿಗಳಿಗೆ ಇದನ್ನು ಹಾಕಿರುತ್ತಾರೆ. ಅಂಕಿ ಓದಲಾಗದಿದ್ದರೂ ಬಣ್ಣ ಮತ್ತು ಯಾವ ಬದಿ ಎಂಬುದು ಉಪಯೋಗಕ್ಕೆ ಬರುತ್ತದೆ.

ಕಂಪ್ಯೂಟರ್ ಮಾಡುವುದಿಲ್ಲವೇ ಎಂದು ಕೇಳುತ್ತಾರೆ. ಮಾಡುತ್ತದೆ. ಮಚ್ಚೆ ಹೋಲಿಸುವ ತಂತ್ರಾಂಶ 1990ರ ಹೊತ್ತಿಗೇ ಬಂದಿತ್ತು. 2022ರಲ್ಲಿ ಅಮೆರಿಕದ ಸಂಶೋಧಕರು ಹಾರ್ಬರ್ ಸೀಲ್‌ಗಳ ಮುಖ ಗುರುತಿಸುವ ಸೀಲ್‌ನೆಟ್ ಎಂಬುದನ್ನೂ ತಂದರು. ಯಂತ್ರ "ಇವುಗಳಲ್ಲಿ ಒಂದು ಇರಬಹುದು" ಎಂದು ಪಟ್ಟಿ ಕೊಡುತ್ತದೆ. ಕೊನೆಗೆ ಹೌದು ಅಲ್ಲ ಎನ್ನುವುದು ಮನುಷ್ಯರ ಕಣ್ಣೇ. ನಮ್ಮಲ್ಲಿ ಒಂದು ಜೋಡಿಯನ್ನು ಇಬ್ಬರು ಬೇರೆ ಬೇರೆ ನೋಡಿ ಒಪ್ಪಬೇಕು. ನನ್ನ ಜೊತೆ ಕೂರುವ ಹಿರಿಯರೊಬ್ಬರು ನಾನು ಹಿಗ್ಗಿದಾಗಲೆಲ್ಲ ಕೇಳುವುದು ಒಂದೇ: "ಬೇರೆ ಆಗಿರಬಹುದು ಅನ್ನುವುದಕ್ಕೆ ಏನಿದೆ, ಅದನ್ನು ತೋರಿಸಿ." ಕಿರಿಕಿರಿ ಆಗುತ್ತದೆ, ಆದರೆ ಪ್ರಶ್ನೆ ಸರಿಯಾಗಿದೆ.

ಕ್ಯಾಮೆರಾದ ಗಡಿಯಾರ ನೋಡಿಕೊಳ್ಳಿ. ಬೇಸಿಗೆಯಲ್ಲಿ ಬ್ರಿಟನ್ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಕ್ಯಾಮೆರಾ ತಾನಾಗಿ ಬದಲಾಗುವುದಿಲ್ಲ. ಉಬ್ಬರದ ಲೆಕ್ಕಕ್ಕೆ ಒಂದು ಗಂಟೆ ಅಂದರೆ ಸಣ್ಣ ವ್ಯತ್ಯಾಸವಲ್ಲ. ಹಾಳೆಯಲ್ಲಿ ದಿನಾಂಕ, ಶುರು ಮತ್ತು ಮುಗಿದ ಸಮಯ, ಜಾಗ, ಉಬ್ಬರದ ಸ್ಥಿತಿ, ಗಾಳಿ, ಸಂಖ್ಯೆ ಇರಲಿ. ಯಾರಾದರೂ ಅಥವಾ ಯಾವುದಾದರೂ ದೋಣಿ ಸೀಲ್‌ಗಳನ್ನು ಬೆದರಿಸಿದರೆ ಅದೂ ಇರಲಿ: ಎಷ್ಟು ತಲೆ ಎತ್ತಿದವು, ಎಷ್ಟು ನೀರಿಗೆ ಇಳಿದವು.

ತೊಂದರೆಯಲ್ಲಿರುವ ಸೀಲ್

ಕುತ್ತಿಗೆಗೆ ಬಲೆ ಅಥವಾ ಪ್ಲಾಸ್ಟಿಕ್ ಬಳೆ ಸಿಕ್ಕಿಕೊಂಡಿದ್ದರೆ, ಸೊಂಟದ ಎಲುಬು ಕಾಣುವಷ್ಟು ಬಡಕಲಾಗಿದ್ದರೆ, ಕೆಮ್ಮುತ್ತಿದ್ದರೆ, ತೆರೆದ ಗಾಯವಿದ್ದರೆ ಕರೆ ಮಾಡಿ. ನಾರ್ಫಕ್ ತೀರದಲ್ಲಿ ನಾಯಿಗೆ ಎಸೆಯುವ ನಡುವೆ ತೂತಿರುವ ಚಕ್ರಗಳು ಸೀಲ್‌ಗಳ ಕುತ್ತಿಗೆಗೆ ಸಿಕ್ಕಿ, ಪ್ರಾಣಿ ಬೆಳೆದಂತೆ ಮಾಂಸದೊಳಗೆ ಇಳಿದದ್ದಿದೆ. ತೂತಿಲ್ಲದ ಆಟಿಕೆ ಕೊಳ್ಳಿ. ನೀವೇ ಹೋಗಿ ಬಲೆ ಕತ್ತರಿಸಬೇಡಿ. ಅರ್ಧ ಕತ್ತರಿಸಿದ ಬಲೆಯೊಂದಿಗೆ ಅದು ನೀರಿಗೆ ಓಡಿದರೆ ಮತ್ತೆ ಸಿಗುವುದಿಲ್ಲ. ಬ್ರಿಟಿಷ್ ಡೈವರ್ಸ್ ಮರೀನ್ ಲೈಫ್ ರೆಸ್ಕ್ಯೂ ಎಂಬ ಸಂಸ್ಥೆಯಲ್ಲಿ ತರಬೇತಿ ಪಡೆದ ಸ್ವಯಂಸೇವಕರಿದ್ದಾರೆ. 1988ರಲ್ಲಿ ಡಿಸ್ಟೆಂಪರ್ ವೈರಸ್ಸಿನಿಂದ ಸಾವಿರಾರು ಕಾಮನ್ ಸೀಲ್‌ಗಳು ಸತ್ತಾಗ ಹುಟ್ಟಿದ ಸಂಸ್ಥೆ ಅದು. ಅದೇ ರೋಗ 2002ರಲ್ಲಿ ಮತ್ತೆ ಬಂತು. ಅವರ ಸಂಖ್ಯೆಯನ್ನು ಹೊರಡುವ ಮುಂಚೆಯೇ ಫೋನಿನಲ್ಲಿ ಹಾಕಿಕೊಳ್ಳಿ. ದಡದಲ್ಲಿ ಹಲವು ಕಡೆ ಸಿಗ್ನಲ್ ಇದ್ದರೂ ಇಂಟರ್ನೆಟ್ ಇರುವುದಿಲ್ಲ.

ಮರಿಯನ್ನು ನೀರಿಗೆ ಅಟ್ಟಬೇಡಿ, ಎತ್ತಿಕೊಳ್ಳಬೇಡಿ. ಸೀಲ್ ಕಚ್ಚಿದರೆ ಬೆರಳು ಊದಿಕೊಳ್ಳುವ ಕೆಟ್ಟ ಸೋಂಕು ಬರುತ್ತದೆ. ಅದಕ್ಕೆ ಪೆನಿಸಿಲಿನ್ ನಾಟುವುದಿಲ್ಲ, ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಬೇಕು. ಡಾಕ್ಟರಿಗೆ "ಸೀಲ್ ಕಚ್ಚಿದ್ದು" ಎಂದು ಸ್ಪಷ್ಟವಾಗಿ ಹೇಳಬೇಕು.

ಸತ್ತ ಸೀಲ್ ಕಂಡರೆ ಮುಟ್ಟದೆ ತಲೆ, ಎರಡು ಬದಿ, ಫ್ಲಿಪ್ಪರ್‌ಗಳ ಫೋಟೊ ತೆಗೆದು ಅಲ್ಲಿಯ ವನ್ಯಜೀವಿ ಟ್ರಸ್ಟಿಗೆ ತಿಳಿಸಿ. ಆಲ್ಬಮ್‌ನಲ್ಲಿರುವ ಹಳಬಳೇ ಆಗಿರಬಹುದು, ಹಾಗಾಗಿ ಕುತ್ತಿಗೆಯ ಫೋಟೊ ಇಲ್ಲಿಯೂ ಬೇಕು.

ಹೊಸದಾಗಿ ಶುರು ಮಾಡುವವರು ತಮ್ಮ ತೀರದಲ್ಲಿ ಈಗಾಗಲೇ ಎಣಿಸುತ್ತಿರುವ ಗುಂಪನ್ನು ಹುಡುಕಿ ಅವರ ಹಾಳೆಯನ್ನೇ ಬಳಸಿ. ಕಾರ್ನ್‌ವಾಲಿನಲ್ಲಿ ಸೀಲ್ ರಿಸರ್ಚ್ ಟ್ರಸ್ಟ್, ಹಾರ್ಸಿಯಲ್ಲಿ ಫ್ರೆಂಡ್ಸ್ ಆಫ್ ಹಾರ್ಸಿ ಸೀಲ್ಸ್, ಡೊನಾ ನೂಕ್‌ನಲ್ಲಿ ಲಿಂಕನ್‌ಶೈರ್ ವೈಲ್ಡ್‌ಲೈಫ್ ಟ್ರಸ್ಟ್. ಫೋಟೊವನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಅದು ಕುಗ್ಗಿಸಿದಾಗ ಮಚ್ಚೆಯ ಅಂಚು ಹೋಗುತ್ತದೆ, ಸಮಯದ ಮಾಹಿತಿಯೂ ಹೋಗುತ್ತದೆ. ಮೂಲ ಫೈಲನ್ನೇ ಇಮೇಲ್ ಮಾಡಿ. ಮರಿ ಇರುವ ಜಾಗದ ಹೆಸರನ್ನು ಫೇಸ್‌ಬುಕ್ಕಿನಲ್ಲಿ ಹಾಕಬೇಡಿ. ಮಾರನೆಯ ದಿನ ಬೆಳಿಗ್ಗೆಯೇ ಅಲ್ಲಿ ಜನ ಸೇರುತ್ತಾರೆ.